ಚಾವಣಿ ಹೊತ್ತ ಹುಡುಗಿಯರು

ತಲೆಯ ಮೇಲೆ ಟನ್ನುಗಟ್ಟಲೆ ಕಲ್ಲು ಹೊತ್ತು ನಿಂತವಳ ಮುಖದಲ್ಲಿ ದಣಿವಿನ ಒಂದೇ ಒಂದು ಗೆರೆಯೂ ಇಲ್ಲದಿರುವುದು ಹೇಗೆ? ಗ್ರೀಸ್‌ನಿಂದ ಮರಳಿ ಬಂದು ತಿಂಗಳುಗಳೇ ಕಳೆದಿವೆ. ಅಲ್ಲಿಂದ ತಂದ ಆಲಿವ್ ಎಣ್ಣೆಯ ಡಬ್ಬಿ ಖಾಲಿಯಾಗುತ್ತ ಬಂದಿದೆ. ನೀಲಿ ಸಮುದ್ರ, ಬಿಳಿ ಮನೆಗಳ ಫೋಟೊ ಕೇಳಿದವರಿಗೆಲ್ಲ ತೋರಿಸಿ ಮುಗಿದಿದೆ. ಈ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ, ರಾತ್ರಿ ನಿದ್ದೆ ಬಾರದಾಗ ಅಕ್ರೊಪೊಲಿಸ್ ಗುಡ್ಡದ ಆ ಆರು ಮಂದಿ ಕಣ್ಣೆದುರು ಬರುತ್ತಾರೆ. ಕಂಬ ಇರಬೇಕಾದ ಜಾಗದಲ್ಲಿ ನಿಂತ ಹುಡುಗಿಯರು ಅವರು. ಜಗತ್ತು ಅವರನ್ನು ಕ್ಯಾರಿಯಾಟಿಡ್‌ಗಳೆಂದು ಕರೆಯುತ್ತದೆ.

ಅಥೆನ್ಸ್‌ನಲ್ಲಿ ಬೆಳಿಗ್ಗೆ ಬೇಗ ಗುಡ್ಡ ಹತ್ತಬೇಕು. ಹೊತ್ತೇರಿದರೆ ಬಿಸಿಲೂ ಜನವೂ ಒಟ್ಟಿಗೇ ಏರುತ್ತವೆ. ಬೀದಿಯ ತಳ್ಳುಗಾಡಿಯಲ್ಲಿ ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್ಡು ಸಿಗುತ್ತದೆ, ಕುಲೂರಿ ಅಂತ. ಅದನ್ನು ಮುರಿದು ತಿನ್ನುತ್ತಲೇ ಮೆಟ್ಟಿಲು ಹತ್ತಿದೆ. ಎಷ್ಟು ಕಾಲದ ಎಷ್ಟು ಪಾದಗಳು ತುಳಿದಿವೆಯೋ, ದಾರಿಯ ಅಮೃತಶಿಲೆ ಎಣ್ಣೆ ಸವರಿದ ಹಾಗೆ ನುಣುಪಾಗಿ ಜಾರುತ್ತದೆ. ಹೆಬ್ಬಾಗಿಲು ದಾಟಿದೊಡನೆ ಬಲಗಡೆ ಪಾರ್ಥೆನಾನ್. ಎಲ್ಲರ ಮುಖವೂ ಕ್ಯಾಮೆರಾವೂ ಅತ್ತಲೇ. ನಾನು ಎಡಕ್ಕೆ ಹೊರಳಿದೆ.

ಆ ಹುಡುಗಿಯರಿರುವ ಎರೆಕ್ಥಿಯಾನ್ ದೇಗುಲ ಒಂದು ವಿಚಿತ್ರ ಕಟ್ಟಡ. ಪಾರ್ಥೆನಾನಿನ ಅಚ್ಚುಕಟ್ಟು ಇದಕ್ಕಿಲ್ಲ. ಪೂರ್ವದ ನೆಲಕ್ಕಿಂತ ಪಶ್ಚಿಮದ ನೆಲ ಸುಮಾರು 3 ಮೀಟರ್ ತಗ್ಗು. ಮಟ್ಟ ಮಾಡೋಣವೆಂದರೆ ಇಲ್ಲಿ ಅಂಗೈಯಗಲದ ಜಾಗವೂ ಪವಿತ್ರ. ಅಥೆನಾ ಮತ್ತು ಪೊಸೈಡನ್ ಈ ಊರಿಗಾಗಿ ಪೈಪೋಟಿಗೆ ಬಿದ್ದದ್ದು ಇಲ್ಲೇ ಎಂಬುದು ಅಥೆನ್ಸಿನವರ ನಂಬಿಕೆ. ಪೊಸೈಡನ್ ತ್ರಿಶೂಲದಿಂದ ಬಂಡೆಗೆ ಬಡಿದನಂತೆ, ಅಥೆನಾ ಆಲಿವ್ ಗಿಡವೊಂದನ್ನು ಹುಟ್ಟಿಸಿ ಗೆದ್ದಳಂತೆ. ತ್ರಿಶೂಲದ ಗುರುತು ಕಾಣಲೆಂದು ಉತ್ತರದ ಮೊಗಸಾಲೆಯ ನೆಲದಲ್ಲೂ ಚಾವಣಿಯಲ್ಲೂ ಕಿಂಡಿ ಬಿಟ್ಟಿದ್ದಾರೆ. ಪಶ್ಚಿಮದ ಮಗ್ಗುಲಲ್ಲಿ ಈಗಲೂ ಒಂದು ಆಲಿವ್ ಮರವಿದೆ, ಈಚಿನ ಕಾಲದವರು ನೆಟ್ಟದ್ದು. ನೈಋತ್ಯದ ಮೂಲೆಯಲ್ಲಿ ಊರಿನ ಮೊದಲ ರಾಜ ಕೆಕ್ರೋಪ್ಸನ ಸಮಾಧಿ. ಕಟ್ಟಿದವರು ಯಾವುದನ್ನೂ ಮುಟ್ಟದೆ, ಯಾರನ್ನೂ ನೋಯಿಸದೆ, ದೇಗುಲವನ್ನೇ ಬಗ್ಗಿಸಿ ತಗ್ಗಿಸಿ ಕೂರಿಸಿದ್ದಾರೆ. ಆ ಸಮಾಧಿಯ ನೆತ್ತಿಯಲ್ಲೇ ದಕ್ಷಿಣದ ಪುಟ್ಟ ಮೊಗಸಾಲೆ ಇದೆ. ಆಳೆತ್ತರದ ಗೋಡೆ, ಅದರ ಮೇಲೆ ಮುಂಸಾಲಿನಲ್ಲಿ ನಾಲ್ವರು, ಹಿಂದೆ ಇಕ್ಕೆಲಗಳಲ್ಲಿ ಒಬ್ಬೊಬ್ಬರು. ಒಬ್ಬೊಬ್ಬಳೂ ಸುಮಾರು 2.3 ಮೀಟರ್ ಎತ್ತರ.

ಇಂದು ಅಲ್ಲಿ ನಿಂತಿರುವುದು ಪ್ರತಿಕೃತಿಗಳು. ಅಥೆನ್ಸಿನ ವಾಹನಗಳ ಹೊಗೆ, ಅದು ಬೆರೆತ ಮಳೆ ಮುಖಗಳನ್ನೇ ತಿಂದುಹಾಕುತ್ತಿದ್ದುದರಿಂದ 1979ರಲ್ಲಿ ಮೂಲ ಶಿಲ್ಪಗಳನ್ನು ಇಳಿಸಿ ಮ್ಯೂಸಿಯಮ್ಮಿಗೆ ಸಾಗಿಸಿದರು. ಪ್ರತಿಕೃತಿಯೆಂದು ಗೊತ್ತಿದ್ದೂ ನಾನು ಅಲ್ಲಿಂದ ಕದಲಲಿಲ್ಲ. ಅವರು ನಿಂತ ಜಾಗ, ಅವರ ಮೇಲೆ ಬೀಳುವ ಬಿಸಿಲು ಹಳೆಯದೇ. ಆ ನಿಲುವು ಏನೆಂದು ತಿಳಿಯಬೇಕಾದರೆ ಇಲ್ಲಿಗೇ ಬರಬೇಕು.

ಆ ನಿಲುವನ್ನು ನನಗೆ ಬಿಡಿಸಿ ತೋರಿಸಿದವರು ಸ್ಥಳೀಯ ಶಾಲಾಮಕ್ಕಳು. ಹತ್ತು ಹನ್ನೆರಡು ವಯಸ್ಸಿನ ಹೆಣ್ಣುಮಕ್ಕಳ ಗುಂಪು. ಅವರ ಟೀಚರ್ ಏನು ಹೇಳಿದರೋ, ಒಬ್ಬಳು ಬ್ಯಾಗನ್ನು ತಲೆಯ ಮೇಲಿಟ್ಟುಕೊಂಡು ಹಾಗೇ ನಿಲ್ಲಲು ಹೋದಳು. ಬ್ಯಾಗು ಜಾರಿತು. ಹಿಡಿಯಲು ಕೈ ಎತ್ತಿದವಳ ಕೈಯನ್ನು ಟೀಚರ್ ಮೆಲ್ಲನೆ ಕೆಳಗಿಳಿಸಿದರು. ಒಂದು ಮೊಣಕಾಲನ್ನು ತುಸು ಮಡಿಸಿ, ಮೈಭಾರವನ್ನೆಲ್ಲ ಇನ್ನೊಂದು ಕಾಲಿಗೆ ಬಿಡು ಎಂದು ತಾವೇ ನಿಂತು ತೋರಿಸಿದರು. ಹುಡುಗಿ ಹಾಗೆ ನಿಂತಳು. ಕತ್ತು ತಾನಾಗಿಯೇ ನೆಟ್ಟಗಾಯಿತು, ಗದ್ದ ಮೇಲೆ ಬಂತು, ಬ್ಯಾಗು ನಿಂತಿತು. ಉಳಿದವರು ಚಪ್ಪಾಳೆ ತಟ್ಟಿದರು. ನಾನು ಮತ್ತೆ ಮೇಲಕ್ಕೆ ನೋಡಿದೆ. ಎಡಗಡೆಯ ಮೂವರು ಬಲಗಾಲ ಮೇಲೆ, ಬಲಗಡೆಯ ಮೂವರು ಎಡಗಾಲ ಮೇಲೆ ನಿಂತಿದ್ದಾರೆ. ಅಂದರೆ ಭಾರ ಹೊತ್ತ ಕಾಲುಗಳೆಲ್ಲ ಹೊರಬದಿಗೆ, ಮಡಿಸಿದ ಮೊಣಕಾಲುಗಳೆಲ್ಲ ಒಳಬದಿಗೆ. ಹೊರಗಾಲಿನ ಮೇಲೆ ಉಡುಪಿನ ನೆರಿಗೆ ಲಂಬವಾಗಿ, ಆಳವಾಗಿ, ಗ್ರೀಕ್ ಕಂಬದ ಗೀರುಗಳ ಹಾಗೆಯೇ ಇಳಿದಿದೆ. ಮಡಿಸಿದ ಕಾಲಿನ ಮೇಲೆ ಬಟ್ಟೆ ಮೈಗೆ ಅಂಟಿ ತೆಳುವಾಗಿದೆ. ಒಂದೇ ಮೈಯಲ್ಲಿ ಅರ್ಧ ಕಂಬ, ಅರ್ಧ ಹುಡುಗಿ. ಎರಡರ ನಡುವಿನ ಗಡಿ ಎಲ್ಲಿದೆಯೆಂದು ಹುಡುಕಿದರೆ ಸಿಗುವುದಿಲ್ಲ.

ಈ ನೆಮ್ಮದಿಯ ನಿಲುವು ಮೂಡಿದ್ದು ನೆಮ್ಮದಿಯ ಕಾಲದಲ್ಲಲ್ಲ ಎಂಬುದನ್ನು ನೆನೆದಾಗ ಅಚ್ಚರಿ ಇಮ್ಮಡಿಯಾಗುತ್ತದೆ. ಕ್ರಿ.ಪೂ. 431ರಿಂದ ಅಥೆನ್ಸ್ ಮತ್ತು ಸ್ಪಾರ್ಟಾ ಕಚ್ಚಾಡುತ್ತಿದ್ದವು. 421ರಲ್ಲಿ ಒಂದು ಒಪ್ಪಂದವಾಗಿ ಉಸಿರಾಡಲು ಬಿಡುವು ಸಿಕ್ಕಾಗ ಈ ದೇಗುಲದ ಕೆಲಸ ಶುರುವಾಯಿತೆಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. 413ರಲ್ಲಿ ಸಿಸಿಲಿಯಲ್ಲಿ ಅಥೆನ್ಸಿನ ನೌಕಾಪಡೆ, ಸೈನ್ಯ ಎರಡೂ ನಾಶವಾದವು. 409ರಲ್ಲಿ ಅರ್ಧಕ್ಕೆ ನಿಂತ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರು, ಆ ಹೊತ್ತಿಗೆ ಹುಡುಗಿಯರು ತಮ್ಮ ಜಾಗದಲ್ಲಿ ನಿಂತಾಗಿತ್ತು. 404ರಲ್ಲಿ ಅಥೆನ್ಸ್ ಶರಣಾಯಿತು. ಸೋಲು ಹೊಸ್ತಿಲಿಗೆ ಬಂದು ನಿಂತಿರುವಾಗ ಒಂದು ಊರು ಇಂಥ ಅಳುಕಿಲ್ಲದ ಮುಖಗಳನ್ನು ಕಡೆದು ನಿಲ್ಲಿಸಿತು. ಅದನ್ನು ನಾನು ಆ ಊರಿನ ದೊಡ್ಡತನವೆಂದೇ ತಿಳಿಯುತ್ತೇನೆ.

ಗುಡ್ಡ ಇಳಿದು, ನೆರಳಿರುವ ಒಂದು ಓಣಿಯ ಸಣ್ಣ ಹೋಟೆಲಿನಲ್ಲಿ ಊಟಕ್ಕೆ ಕೂತೆ. ಮಾಂಸ ತಿನ್ನದವಳೆಂದು ತಿಳಿದ ಮನೆಯೊಡತಿ ನನ್ನನ್ನು ಅಡುಗೆಮನೆಗೇ ಕರೆದೊಯ್ದು ಪಾತ್ರೆಗಳ ಮುಚ್ಚಳ ತೆಗೆದು ತೋರಿಸಿದಳು. ಬೇಯಿಸಿ ನಿಂಬೆರಸ, ಎಣ್ಣೆ ಹಾಕಿದ ಕಾಡುಸೊಪ್ಪು. ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ ಮಸೆದು ಮೇಲೆ ಹಸಿ ಈರುಳ್ಳಿ ಉದುರಿಸಿದ ಫಾವಾ. ಟೊಮೆಟೊ ರಸದಲ್ಲಿ ಬೆಂದ ದಪ್ಪ ಬಿಳಿ ಅವರೆ. ಉಪವಾಸದ ದಿನಗಳ ಊಟ ಇದು, ನಮ್ಮಲ್ಲಿ ಅಂಥ ದಿನಗಳು ವರ್ಷದಲ್ಲಿ ಬೇಕಾದಷ್ಟಿವೆ ಎಂದಳು. ಎಣ್ಣೆಯನ್ನು ಮಾತ್ರ ಕೈ ಬಿಗಿಹಿಡಿಯದೆ ಸುರಿದಳು. ನಾನು ಬೆಳಗಿನಿಂದ ಎಲ್ಲಿದ್ದೆನೆಂದು ಕೇಳಿ, ನಿಜವಾದವರು ಕೆಳಗಿದ್ದಾರೆ, ಸಂಜೆಯ ಹೊತ್ತು ಹೋಗು, ಜನ ಕಡಿಮೆ ಎಂದಳು. ಮನೆಯವರ ಬಗ್ಗೆ ಮಾತಾಡುವ ದನಿಯದು.

ಕೆಳಗೆ ಎಂದರೆ 2009ರಲ್ಲಿ ತೆರೆದ ಹೊಸ ಅಕ್ರೊಪೊಲಿಸ್ ಮ್ಯೂಸಿಯಂ. ಗಾಜಿನ ನೆಲದ ಕೆಳಗೆ ಹಳೆಯ ಅಥೆನ್ಸಿನ ಬೀದಿ, ಬಾವಿ, ಗೋಡೆಗಳು. ಇಳಿಜಾರು ಹಾದಿ, ಮೆಟ್ಟಿಲು ದಾಟಿದರೆ ಬಾಲ್ಕನಿಯಂಥ ತೆರೆದ ಜಗಲಿಯಲ್ಲಿ ಅವರು. ಐದೇ ಮಂದಿ. ಮೊಗಸಾಲೆಯಲ್ಲಿ ಹೇಗೆ ನಿಂತಿದ್ದರೋ ಹಾಗೆಯೇ ನಿಲ್ಲಿಸಿ, ಮುಂಸಾಲಿನಲ್ಲಿ ಎಡದಿಂದ ಎರಡನೆಯವಳ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಅವಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದಾಳೆ. ಒಟ್ಟೋಮನ್ ಸಾಮ್ರಾಜ್ಯಕ್ಕೆ ಬ್ರಿಟನ್ನಿನ ರಾಯಭಾರಿಯಾಗಿದ್ದ ಲಾರ್ಡ್ ಎಲ್ಗಿನ್ ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವಳನ್ನು ಕಳಚಿಸಿ ಒಯ್ದ. ಅವಳಿದ್ದ ಕಡೆ ಇಟ್ಟಿಗೆಯ ಕಂಬವೊಂದನ್ನು ಕಟ್ಟಿ ಚಾವಣಿಗೆ ಆಸರೆ ಕೊಟ್ಟರು. 1816ರಲ್ಲಿ ಬ್ರಿಟಿಷ್ ಸಂಸತ್ತು ಅವನ ಸಂಗ್ರಹವನ್ನು ಕೊಂಡಿತು. ಉಳಿದ ಐವರು ರಾತ್ರಿಯಲ್ಲಿ ಅಕ್ಕನಿಗಾಗಿ ಅಳುವುದು ಊರಿಗೆ ಕೇಳಿಸುತ್ತಿತ್ತು ಎಂಬ ಕಥೆ ಅಥೆನ್ಸಿನಲ್ಲಿ ಹುಟ್ಟಿ ಇಂದಿಗೂ ಬಾಯಿಂದ ಬಾಯಿಗೆ ಹರಿದಿದೆ.

ಮ್ಯೂಸಿಯಮ್ಮಿನಲ್ಲಿ ಮಾತ್ರ ಸಿಗುವ ಭಾಗ್ಯ ಒಂದಿದೆ. ಅವರ ಸುತ್ತ ಬರಬಹುದು. ದೇಗುಲದ ಕೆಳಗೆ ನಿಂತವರಿಗೆ ಕಾಣುವುದು ಮುಖ ಮತ್ತು ಮುಂಬದಿ. ಇಲ್ಲಿ ಹಿಂದೆ ಹೋಗಿ ನಿಂತೆ. ಬೆನ್ನಿನ ಮೇಲೆ ಜಡೆ! ಎಳೆ ಎಳೆಯಾಗಿ ಹೆಣೆದ, ಕೈಯಲ್ಲಿ ಹಿಡಿದರೆ ಹಿಡಿ ತುಂಬುವಷ್ಟು ದಪ್ಪನೆಯ ಜಡೆ ಕತ್ತಿನಿಂದ ಬೆನ್ನ ಮೇಲೆ ಇಳಿದಿದೆ. ನೆತ್ತಿಯಿಂದ ಹೊರಟ ಹೆರಳುಗಳು ಕಿವಿಯ ಹಿಂದೆ ಸುತ್ತಿ ಬಂದು ಅದನ್ನು ಸೇರುತ್ತವೆ, ಕೆಲವು ಸುರುಳಿಗಳು ಭುಜದ ಮೇಲೆ ಮುಂದಕ್ಕೆ ಜಾರಿವೆ. ಒಬ್ಬೊಬ್ಬಳ ಹೆಣಿಗೆಯೂ ಬೇರೆ. ಮ್ಯೂಸಿಯಮ್ಮಿನಲ್ಲೇ, ನೋಡುಗರ ಎದುರಿನಲ್ಲೇ ವರ್ಷಗಟ್ಟಲೆ ಲೇಸರ್ ಕಿರಣಗಳಿಂದ ಇವರ ಮೈಮೇಲಿನ ಕರಿಯ ಪೊರೆಯನ್ನು ಬಿಡಿಸಿದರು. 2014ರಲ್ಲಿ ಆ ಕೆಲಸ ಮುಗಿದಾಗ ಪೆಂಟೆಲಿ ಬೆಟ್ಟದ ಅಮೃತಶಿಲೆಯ ಜೇನುಬಣ್ಣ ಮತ್ತೆ ಕಾಣಿಸಿಕೊಂಡಿತು. ಜಡೆಯ ಸೀಳುಗಳಲ್ಲಿ ಆ ಬಣ್ಣ ಇನ್ನೂ ಗಾಢ.

ಆ ಜಡೆಯನ್ನು ನೋಡುತ್ತ ನಿಂತಾಗ ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಮನುಷ್ಯದೇಹವನ್ನು ಕಂಬ ಮಾಡಹೊರಟವನಿಗೆ ದೊಡ್ಡ ಕಂಟಕ ಕತ್ತು. ಚಾವಣಿಯ ಭಾರವೆಲ್ಲ ಅಷ್ಟು ಸಣ್ಣ ಜಾಗದಲ್ಲಿ ಹಾದು ಹೋಗಬೇಕು. ಕತ್ತನ್ನು ದಪ್ಪ ಮಾಡಿದರೆ ಹುಡುಗಿ ಉಳಿಯುವುದಿಲ್ಲ, ತೆಳ್ಳಗೆ ಬಿಟ್ಟರೆ ಕಂಬ ಉಳಿಯುವುದಿಲ್ಲ. ಶಿಲ್ಪಿ ಕೂದಲನ್ನು ನೆರವಿಗೆ ಕರೆದ. ಮುಂದಿನಿಂದ ನೋಡಿದರೆ ನೀಳ ಕೊರಳು, ಹಿಂದಿನಿಂದ ಕೊರಳಿಗೆ ಬೆಂಬಲವಾಗಿ ನಿಂತ ಕಲ್ಲಿನ ದಿಂಡು. ತಲೆಯ ಮೇಲೆ ಮೆತ್ತೆಯಂಥ ದುಂಡನೆಯ ಬೋದಿಗೆ, ಅದರ ಮೇಲೆ ತೊಲೆ. ತೊಲೆಯ ಮೇಲೆ ಸಾಮಾನ್ಯವಾಗಿ ಬರುವ ಶಿಲ್ಪಪಟ್ಟಿಕೆಯನ್ನು ಈ ಮೊಗಸಾಲೆಯಲ್ಲಿ ಕೈಬಿಟ್ಟಿದ್ದಾರೆ, ಹೊರೆ ಅಷ್ಟು ಹಗುರವಾಯಿತು. ಹೊರುವವಳ ಮುಖದಲ್ಲಿ ಕಾಣುವ ಸರಾಗದ ಹಿಂದೆ ಇಷ್ಟು ಲೆಕ್ಕಾಚಾರ, ಇಷ್ಟು ಮುತುವರ್ಜಿ ಇದೆ.

ಕೈಗಳು ಮುರಿದುಹೋಗಿವೆ. ಆ ಕೈಗಳಲ್ಲಿ ಏನಿತ್ತೆಂದು ತಿಳಿದದ್ದು ಇಟಲಿಯಲ್ಲಿ. ರೋಮನ್ ಚಕ್ರವರ್ತಿ ಹೇಡ್ರಿಯನ್ ಟಿವೊಲಿಯ ತನ್ನ ಅರಮನೆಯ ಕೊಳದ ದಡದಲ್ಲಿ ಇವರ ಪ್ರತಿಗಳನ್ನು ನಿಲ್ಲಿಸಿದ್ದ. ಅವುಗಳ ಒಂದು ಕೈ ಉಡುಪಿನ ಅಂಚನ್ನು ಹಿಡಿದಿದೆ, ಇನ್ನೊಂದರಲ್ಲಿ ತರ್ಪಣ ಎರೆಯುವ ತಟ್ಟೆ. ಕೆಳಗೆ ಕೆಕ್ರೋಪ್ಸನ ಸಮಾಧಿ ಇರುವುದನ್ನು ನೆನೆದರೆ ಚಿತ್ರ ಪೂರ್ತಿಯಾಗುತ್ತದೆ. ಇವರು ಊರಿನ ಮೂಲಪುರುಷನಿಗೆ ತರ್ಪಣ ಕೊಡಲು ಬಂದ ಮನೆಮಕ್ಕಳು.

ಆದರೆ ನನ್ನ ಪಕ್ಕದಲ್ಲೇ ಒಬ್ಬ ಗೈಡು ತನ್ನ ಗುಂಪಿಗೆ ಬೇರೆಯೇ ಕಥೆ ಹೇಳುತ್ತಿದ್ದ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕ್ರಿ.ಪೂ. ಮೊದಲ ಶತಮಾನದಲ್ಲಿ ಬರೆದಿಟ್ಟ ಕಥೆ ಅದು. ಪೆಲೊಪೊನೀಸ್‌ನ ಕಾರಿಯೆ ಎಂಬ ಊರು ಪರ್ಷಿಯನ್ನರ ಜೊತೆ ಸೇರಿಕೊಂಡಿತಂತೆ. ಯುದ್ಧ ಗೆದ್ದ ಗ್ರೀಕರು ಆ ಊರಿನ ಗಂಡಸರನ್ನು ಕೊಂದು ಹೆಂಗಸರನ್ನು ದಾಸಿಯರನ್ನಾಗಿ ಮಾಡಿದರಂತೆ. ಅವರ ಅವಮಾನ ಎಂದೆಂದಿಗೂ ನೆನಪಿರಲೆಂದು ಕಟ್ಟಡಗಳಲ್ಲಿ ಭಾರ ಹೊರುವಂತೆ ಅವರ ರೂಪ ಕಡೆದರಂತೆ. ಗುಂಪಿನ ಮುಖಗಳು ಸಪ್ಪಗಾದವು. ನಾನು ಐವರ ಮುಖಗಳನ್ನು ಮತ್ತೆ ನೋಡಿದೆ. ಶಿಕ್ಷೆ ಅನುಭವಿಸುವವರು ಹೀಗೆ ನಿಲ್ಲುತ್ತಾರೆಯೇ? ಹೊರುವುದು ಸೆರೆಯೋ ಗೌರವವೋ ಎಂಬ ಈ ಪ್ರಶ್ನೆಯೇ ಪ್ರವಾಸದ ಉಳಿದ ದಾರಿಯನ್ನು ತೀರ್ಮಾನಿಸಿತು.

ಮೊದಲು ಹೋದದ್ದು ಎಲ್ಯೂಸಿಸ್‌ಗೆ. ಅಥೆನ್ಸಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್. ಡಿಮೀಟರ್ ದೇವಿಯ ರಹಸ್ಯ ದೀಕ್ಷೆಗೆ ಜನ ಮೆರವಣಿಗೆಯಲ್ಲಿ ಹೋಗುತ್ತಿದ್ದ ಪವಿತ್ರ ಹಾದಿಯ ಹೆಸರೇ ಇಂದಿನ ಬಸ್ಸು ಓಡುವ ರಸ್ತೆಗೂ ಇದೆ. ಈಗ ದಾರಿಯುದ್ದಕ್ಕೂ ಗ್ಯಾರೇಜು, ಗೋದಾಮು, ತೈಲ ಸಂಸ್ಕರಣಾ ಘಟಕದ ಚಿಮಣಿ, ತುಕ್ಕು ಹಿಡಿದ ಹಡಗುಗಳು. ಭತ್ತದ ತೆನೆಗೂ ಗೋಧಿಯ ತೆನೆಗೂ ಕೈಮುಗಿಯುವ ನೆಲದಿಂದ ಹೋದವಳಿಗೆ ಧಾನ್ಯದೇವಿಯ ಊರು ಹೀಗೆ ಕಂಡದ್ದು ಸಂಕಟವೇ.

ಅಲ್ಲಿನ ಒಳಬಾಗಿಲಿನಲ್ಲಿ ಕ್ರಿ.ಪೂ. ಮೊದಲ ಶತಮಾನದ ಇಬ್ಬರು ಕ್ಯಾರಿಯಾಟಿಡ್‌ಗಳಿದ್ದರು. ಒಬ್ಬಳು ಊರಿನ ಮ್ಯೂಸಿಯಮ್ಮಿನಲ್ಲಿದ್ದಾಳೆ. ತಲೆಯ ಮೇಲೆ ದುಂಡನೆಯ ಪೆಟ್ಟಿಗೆ, ಅದರ ಸುತ್ತ ಗೋಧಿತೆನೆ ಮತ್ತು ಹೂಗಳ ಕೆತ್ತನೆ. ದೀಕ್ಷೆಯ ಪವಿತ್ರ ವಸ್ತುಗಳನ್ನಿಟ್ಟು ಮುಚ್ಚಿದ ಪೆಟ್ಟಿಗೆ ಅದು. ಅದರೊಳಗೆ ಏನಿತ್ತೆಂದು ಹೊರಗಿನವರಿಗೆ ಹೇಳುವುದು ಮರಣದಂಡನೆಗೆ ಗುರಿಯಾಗುವ ಅಪರಾಧ. ಇನ್ನೊಬ್ಬಳು ಕೇಂಬ್ರಿಜ್‌ನಲ್ಲಿದ್ದಾಳೆ. 1801ರಲ್ಲಿ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ ಎಂಬ ಇಂಗ್ಲಿಷ್ ಪ್ರವಾಸಿ ಬಂದಾಗ ಆಕೆ ಕತ್ತಿನವರೆಗೆ ಗೊಬ್ಬರದ ರಾಶಿಯಲ್ಲಿ ಹೂತಿದ್ದಳು. ಊರಿನವರು ಹಾಗಿಟ್ಟದ್ದು ಅಸಡ್ಡೆಯಿಂದಲ್ಲ. ಹೊಲದ ಫಸಲೆಲ್ಲ ಆಕೆಯ ಕೃಪೆ ಎಂದು ನಂಬಿ ಹಬ್ಬಹರಿದಿನಗಳಲ್ಲಿ ಮುಂದೆ ದೀಪ ಹಚ್ಚುತ್ತಿದ್ದರು. ಸಾಗಿಸುವ ಹಿಂದಿನ ದಿನ ಎತ್ತೊಂದು ನೊಗ ಕಳಚಿಕೊಂಡು ಬಂದು ಆ ಮೂರ್ತಿಯನ್ನು ಹಾಯ್ದು, ಕೂಗುತ್ತ ಬಯಲಿಗೆ ಓಡಿತೆಂದು ಕ್ಲಾರ್ಕನೇ ಬರೆದಿದ್ದಾನೆ. ಊರಿನವರು ಅದನ್ನು ಅಪಶಕುನವೆಂದು ಹೆದರಿದರು. ಅವಳನ್ನು ಹೊತ್ತ ಹಡಗು ಇಂಗ್ಲೆಂಡಿನ ಕರಾವಳಿಯಲ್ಲಿ ಒಡೆಯಿತು, ಮೂರ್ತಿಯನ್ನು ನೀರಿನಿಂದ ಎತ್ತಿ ತಂದರು. ದಾಸಿಯ ಅವಮಾನದ ಗುರುತೆಂದು ತಿಳಿದಿದ್ದರೆ ರೈತರು ದೀಪ ಹಚ್ಚುತ್ತಿದ್ದರೇ?

ತಲೆಯ ಮೇಲೆ ಹೊರುವುದು ಗ್ರೀಕ್ ಹೆಣ್ಣುಮಕ್ಕಳಿಗೆ ಪೂಜೆಯ ಭಾಗವೇ ಆಗಿತ್ತು. ಅಥೆನ್ಸಿನ ದೊಡ್ಡ ಹಬ್ಬದ ಮೆರವಣಿಗೆಯಲ್ಲಿ ಬುಟ್ಟಿ ಹೊತ್ತು ಮುಂದೆ ನಡೆಯುವುದು ಒಳ್ಳೆಯ ಮನೆತನದ ಕನ್ಯೆಯರಿಗೆ ಸಲ್ಲುವ ಮಾನ. ಕ್ರಿ.ಶ. ಎರಡನೆಯ ಶತಮಾನದ ಪ್ರವಾಸಿ ಪಾಸೇನಿಯಸ್ ಇನ್ನೊಂದು ಸಂಗತಿ ಹೇಳುತ್ತಾನೆ. ಇಬ್ಬರು ಹುಡುಗಿಯರು ಅಥೆನಾಳ ಗುಡಿಯ ಬಳಿಯೇ ಕೆಲಕಾಲ ವಾಸವಿರುತ್ತಿದ್ದರು. ಹಬ್ಬದ ರಾತ್ರಿ ಅರ್ಚಕಿ ಕೊಟ್ಟದ್ದನ್ನು ತಲೆಯ ಮೇಲೆ ಹೊತ್ತು ನೆಲದಡಿಯ ಹಾದಿಯಲ್ಲಿ ಇಳಿದು ಹೋಗಿ, ಅಲ್ಲಿಂದ ಇನ್ನೊಂದನ್ನು ಹೊತ್ತು ತರುತ್ತಿದ್ದರು. ಹೊತ್ತದ್ದು ಏನೆಂದು ಕೊಟ್ಟವಳಿಗೂ ಗೊತ್ತಿಲ್ಲ, ಹೊತ್ತವರಿಗೂ ಗೊತ್ತಿಲ್ಲ. ಓದಿದಾಗಿನಿಂದ ಈ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿದೆ. ಗೌರವ ನಿಜ. ಆದರೆ ಅದೇ ಊರಿನ ಸಭೆಯಲ್ಲಿ ಹೆಣ್ಣಿಗೆ ಬಾಯಿ ಇರಲಿಲ್ಲ, ಮತವಿರಲಿಲ್ಲ. ಏನನ್ನು ಹೊರುತ್ತಿದ್ದೇನೆ ಎಂದು ಕೇಳುವ ಹಕ್ಕಿಲ್ಲದ ಗೌರವ ಅದು. ಹೊರೆಯನ್ನು ಗೌರವವೆಂದು ಹೇಳಿಬಿಟ್ಟರೆ ಕಥೆ ಮುಗಿಯುವುದಿಲ್ಲ.

ಎಲ್ಯೂಸಿಸ್ ಆದ ಮೇಲೆ ಡೆಲ್ಫಿ. ಅಲ್ಲಿಗೆ ಹೋಗುವ ಬಸ್ಸು ಪರ್ನಾಸಸ್ ಬೆಟ್ಟದ ಮೈ ಬಳಸಿ ಏರುತ್ತದೆ. ಪಕ್ಕದಲ್ಲಿ ಕೂತ ಕಪ್ಪುಡುಗೆಯ ಅಜ್ಜಿಗೂ ನನಗೂ ಒಂದೂ ಮಾತು ಹೊಂದುವಂತಿರಲಿಲ್ಲ. ಆಕೆ ಕೈಚೀಲದಿಂದ ಒಣ ಅಂಜೂರದ ಪೊಟ್ಟಣ ತೆಗೆದು ನನ್ನ ಮಡಿಲಿಗಿಟ್ಟಳು. ನಾನು ಒಂದು ತೆಗೆದುಕೊಂಡರೆ ಗದರಿದಳು, ಹಿಡಿ ತುಂಬ ಕೊಟ್ಟ ಮೇಲೆ ಸಮಾಧಾನವಾಯಿತು. ಕಿಟಕಿಯಾಚೆ ಕಣಿವೆಯ ತುಂಬ ಆಲಿವ್ ಮರಗಳು, ಬೂದಿ ಬೆರೆತ ಹಸಿರು, ದೂರದ ಕಡಲಿನವರೆಗೂ ಹರಡಿದ್ದವು. ಇಳಿಯುವಾಗ ನನ್ನ ಕೆನ್ನೆ ತಟ್ಟಿ ಹೋದಳು.

ಡೆಲ್ಫಿಯ ಪವಿತ್ರ ಹಾದಿಯಲ್ಲಿ ಸಿಫ್ನೋಸ್ ದ್ವೀಪದವರು ಕಟ್ಟಿಸಿದ ಖಜಾನೆಯ ಅಡಿಪಾಯವಿದೆ. ಅವರ ದ್ವೀಪದಲ್ಲಿ ಚಿನ್ನ, ಬೆಳ್ಳಿಯ ಗಣಿಗಳಿದ್ದವು, ಹುಟ್ಟುವಳಿಯ ಹತ್ತನೆಯ ಒಂದು ಪಾಲು ಡೆಲ್ಫಿಯ ದೇವರು ಅಪೊಲೊಗೆ. ಸುಮಾರು ಕ್ರಿ.ಪೂ. 525ರಲ್ಲಿ ಕಟ್ಟಿದ ಆ ಪುಟ್ಟ ಕಟ್ಟಡದ ಮುಂಭಾಗದಲ್ಲಿ ಕಂಬಗಳ ಬದಲು ಇಬ್ಬರು ಹೆಣ್ಣುಗಳು ನಿಂತಿದ್ದರು. ಅವರ ತುಣುಕುಗಳು ಮ್ಯೂಸಿಯಮ್ಮಿನಲ್ಲಿವೆ. ಅವುಗಳ ಎದುರು ನಿಂತು ನಾನು ವರ್ಷಗಳನ್ನು ಎಣಿಸಿದೆ. ಪರ್ಷಿಯನ್ನರು ಬಂದು ಅಥೆನ್ಸಿಗೆ ಬೆಂಕಿಯಿಟ್ಟದ್ದು ಕ್ರಿ.ಪೂ. 480ರಲ್ಲಿ. ಕಾರಿಯೆ ಊರಿನ ದ್ರೋಹಕ್ಕೂ ಶಿಕ್ಷೆಗೂ ಸುಮಾರು ಅರ್ಧ ಶತಮಾನ ಮೊದಲೇ ಗ್ರೀಕರು ಹೆಣ್ಣನ್ನು ಕಂಬವಾಗಿ ನಿಲ್ಲಿಸಿದ್ದರು! ಶಿಕ್ಷೆಯ ಕಥೆಗೆ ಕಾಲವೇ ಒಪ್ಪುವುದಿಲ್ಲ. ಕಾರಿಯೆ ಊರಿನ ಬಗ್ಗೆ ಪಾಸೇನಿಯಸ್ ಬರೆದದ್ದಾದರೂ ಏನು? ಅಲ್ಲಿನ ಹುಡುಗಿಯರು ವರ್ಷವರ್ಷವೂ ಆರ್ಟೆಮಿಸ್ ದೇವಿಯ ಮುಂದೆ ಕುಣಿಯುತ್ತಿದ್ದರು ಎಂದು. ಅದೇ ಮ್ಯೂಸಿಯಮ್ಮಿನಲ್ಲಿ ಎಲೆಗಳ ಕಂಬವೊಂದರ ತುದಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಮೂವರು ನರ್ತಕಿಯರಿದ್ದಾರೆ, ಲಂಗ ಗಾಳಿಗೆ ಬಿರಿದು, ಪಾದ ನೆಲಕ್ಕೆ ಸೋಕದಂತೆ. ಭಾರ ಹೊರುವ ಹೆಣ್ಣಿನ ಮೇಲೆ ಶಿಕ್ಷೆಯ ಕಥೆಯನ್ನು ಹೊರಿಸಿದವರು ಆಮೇಲಿನವರು.

ಗ್ರೀಕರು ಗಂಡು ಕಂಬಗಳನ್ನೂ ಮಾಡಿದ್ದಾರೆ. ಸಿಸಿಲಿಯ ಅಗ್ರಿಜೆಂಟೊದ ಜ್ಯೂಸ್ ದೇಗುಲದಲ್ಲಿ 7 ಮೀಟರಿಗೂ ಎತ್ತರದ ದೈತ್ಯರಿದ್ದರು. ಅವರ ಚಿತ್ರಗಳನ್ನು ಅಥೆನ್ಸಿನ ಐವರ ಪಕ್ಕದಲ್ಲಿಟ್ಟು ನೋಡಬೇಕು. ದೈತ್ಯರು ಎರಡೂ ಮೊಣಕೈ ಮೇಲೆತ್ತಿ, ತಲೆ ತಗ್ಗಿಸಿ, ಸ್ನಾಯು ಬಿಗಿದು ಹೊತ್ತಿದ್ದಾರೆ. ಭಾರ ಅವರ ಮೈಯಲ್ಲೆಲ್ಲ ಬರೆದಿದೆ. ಹುಡುಗಿಯರು ಕೈ ಎತ್ತಿಲ್ಲ, ಬೆನ್ನು ಬಗ್ಗಿಸಿಲ್ಲ. ನಾವಾದರೋ ಇದನ್ನು ಕಂಡೊಡನೆ ತಾಳ್ಮೆ ಎನ್ನುತ್ತೇವೆ. ನಮ್ಮ ಪತ್ರಿಕೆಗಳ ಶ್ರದ್ಧಾಂಜಲಿ ಪುಟ ತೆರೆದರೆ ತೀರಿಕೊಂಡ ಹೆಣ್ಣುಮಗಳೆಲ್ಲ ಸಹನಾಮೂರ್ತಿಯೇ. ಮನೆಯ ಭಾರವನ್ನೆಲ್ಲ ಹೊತ್ತಳು, ಒಂದು ದಿನವೂ ಗೊಣಗಲಿಲ್ಲ ಎಂದು ಬರೆಯುತ್ತೇವೆ. ಅವಳು ಎಷ್ಟು ಗಟ್ಟಿಗಿತ್ತಿ, ಆ ಭಾರ ಹೊರಲು ಎಷ್ಟು ಲೆಕ್ಕ ಹಾಕಿದಳು, ಎಲ್ಲಿ ಕಾಲು ಊರಿದಳು, ಯಾವುದನ್ನು ಆಸರೆ ಮಾಡಿಕೊಂಡಳು ಎಂದು ಯಾರೂ ಬರೆಯುವುದಿಲ್ಲ. ಎರೆಕ್ಥಿಯಾನಿನ ಶಿಲ್ಪಿ ಅದನ್ನು ಬರೆದಿದ್ದಾನೆ. ಅವನು ಕಡೆದದ್ದು ಬಲವನ್ನು. ತಾಳ್ಮೆಯೊಂದರಿಂದಲೇ ಚಾವಣಿ ನಿಲ್ಲುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಊರಿಗೆ ಮರಳಿದ ಮೇಲೆ ಬೇಲೂರಿಗೆ ಹೋಗದಿರಲು ಆಗಲಿಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ, ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರು. ಚಿಕ್ಕಂದಿನಿಂದ ನೋಡಿದವರೇ. ಈ ಸಲ ಅವರನ್ನು ಬೇರೆ ಕಣ್ಣಿನಿಂದ ನೋಡಿದೆ. ಕಂಬದ ಬೋದಿಗೆಗೂ ಸೂರಿಗೂ ನಡುವೆ ಅವರಿದ್ದಾರೆ, ಆದರೆ ಚಾವಣಿ ಅವರನ್ನು ನೆಚ್ಚಿಕೊಂಡಿಲ್ಲ. ಭಾರವೆಲ್ಲ ಚರಕಿಯಲ್ಲಿ ತಿರುವಿದಂಥ ನುಣುಪಿನ ಆ ಕಂಬಗಳದ್ದು. ಹೊರುವ ಕೆಲಸವನ್ನು ಕಂಬಕ್ಕೆ ಬಿಟ್ಟು ಹೊಯ್ಸಳ ಶಿಲ್ಪಿ ಹೆಣ್ಣಿಗೆ ಕುಣಿತ, ಕನ್ನಡಿ, ಗಿಳಿ, ಬೇಟೆ ಕೊಟ್ಟ. ಬಳಪದ ಕಲ್ಲು ಅವನ ಉಳಿಗೆ ಬಳೆಯ ಸಂದನ್ನೂ ಬಿಡಿಸಿಕೊಟ್ಟಿತು. ಅಥೆನ್ಸಿನವನು ಚೆಲುವನ್ನೂ ಭಾರವನ್ನೂ ಒಂದೇ ಮೈಯಲ್ಲಿ ಕೂಡಿಸಿದ. ಯಾವುದು ಹೆಚ್ಚು ಎಂದು ತೂಗುವ ಮನಸ್ಸು ನನಗಿಲ್ಲ. ಹೆಣ್ಣಿನ ಬದುಕಿಗೆ ಕುಣಿತವೂ ಬೇಕು, ಕಾಲೂರುವ ಬಲವೂ ಬೇಕು.

ಬೇಲೂರಿನಲ್ಲಿ ಮೂರ್ತಿಗಳ ಪೀಠದಲ್ಲಿ ಕೆತ್ತಿದವರ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಥೆನ್ಸಿನ ಆ ಆರು ಮಂದಿಯನ್ನು ಕಡೆದವನ ಹೆಸರು ಎಲ್ಲೂ ಕೆತ್ತಿಲ್ಲ. ಆದರೆ ಅದೇ ದೇಗುಲದ ಖರ್ಚುವೆಚ್ಚದ ಲೆಕ್ಕವನ್ನು ಊರಿನವರು ಕಲ್ಲಿನ ಮೇಲೆ ಕೊರೆದು ಎಲ್ಲರೂ ಓದುವಂತೆ ನಿಲ್ಲಿಸಿದ್ದರು. ಶಿಲ್ಪಪಟ್ಟಿಕೆಯ ಒಂದು ಬಿಂಬಕ್ಕೆ 60 ದ್ರಾಕ್ಮಾ, ಪುಟ್ಟ ಹುಡುಗಿ ಒರಗಿಕೊಂಡಿರುವ ಹೆಂಗಸಿನ ಬಿಂಬಕ್ಕೆ 80 ದ್ರಾಕ್ಮಾ, ಎದುರಿಗೆ ಕಡೆದವನ ಹೆಸರು. ಕಂಬಕ್ಕೆ ಗೀರು ಹೊಡೆದವರಲ್ಲಿ ನಾಗರಿಕರಿದ್ದರು, ಹೊರಊರಿಂದ ಬಂದು ನೆಲೆಸಿದವರಿದ್ದರು, ಗುಲಾಮರಿದ್ದರು. ಯಾರು ಯಾವ ವರ್ಗದವರೆಂದು ಗುರುತಿಸಲಾಗಿರುವ 86 ಕೆಲಸಗಾರರಲ್ಲಿ 24 ಮಂದಿ ನಾಗರಿಕರು, 42 ಮಂದಿ ಹೊರಗಿನವರು, 20 ಮಂದಿ ಗುಲಾಮರು. ದಿನಗೂಲಿ ಎಲ್ಲರಿಗೂ ಒಂದೇ, ಒಂದು ದ್ರಾಕ್ಮಾ. ಗುಲಾಮನ ದ್ರಾಕ್ಮಾದಲ್ಲಿ ಅವನ ಒಡೆಯನ ಪಾಲೆಷ್ಟೋ ಆ ಕಲ್ಲು ಹೇಳುವುದಿಲ್ಲ. ಅಷ್ಟಾದರೂ ದುಡಿದವನ ಹೆಸರು ಮತ್ತು ಕೂಲಿ ದೇವರ ಮನೆಯ ಲೆಕ್ಕದಲ್ಲಿ ಉಳಿಯಿತು. ಹೊರುವವರನ್ನು ಹೊಗಳುವುದಕ್ಕಿಂತ ಹೊತ್ತದ್ದನ್ನು ಲೆಕ್ಕಕ್ಕೆ ತರುವುದು ದೊಡ್ಡ ಗೌರವವೆಂದು ನನಗೆ ಈಗ ಅನ್ನಿಸುತ್ತದೆ.

ಆರನೆಯವಳು ತನ್ನವರ ಬಳಿಗೆ ಮರಳಬೇಕು. ಲಂಡನ್ನಿನಲ್ಲಿದ್ದುದರಿಂದ ಅಥೆನ್ಸಿನ ಹೊಗೆಯಿಂದ ಅವಳ ಮುಖ ಉಳಿಯಿತು ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಅವಳ ಮುಖ ಅಕ್ಕತಂಗಿಯರ ಮುಖಕ್ಕಿಂತ ಚೆನ್ನಾಗಿದೆ. ಆದರೆ ಈಗ ಅಥೆನ್ಸಿನಲ್ಲಿ ಅವಳಿಗೆ ಮಳೆ ಹೊಗೆ ತಾಕದ ಮನೆಯಿದೆ, ಕಾದಿಟ್ಟ ಜಾಗವಿದೆ. ಒಬ್ಬಳ ಬಲಗಾಲು, ಇನ್ನೊಬ್ಬಳ ಎಡಗಾಲು, ಮೂವರ ಎದುರು ಮೂವರು ಎಂಬ ಲೆಕ್ಕದಲ್ಲೇ ಆ ಮೊಗಸಾಲೆ ಹುಟ್ಟಿದ್ದು. ಒಂಟಿಯಾಗಿ ಎಷ್ಟೇ ಚೆಲುವೆಯಾದರೂ ಅವಳು ಆ ಲೆಕ್ಕದ ಆರನೇ ಒಂದು ಪಾಲು.

ಅಥೆನ್ಸಿಗೆ ಹೊರಟವರಿಗೆ ನಾನು ಹೇಳುವುದು ಇಷ್ಟೇ. ಬೆಳಿಗ್ಗೆ ಗುಡ್ಡದ ಮೇಲೆ ಅವರ ಮುಖಗಳನ್ನು ಕಣ್ತುಂಬ ನೋಡಿ, ನೋಡಲೇಬೇಕು. ಸಂಜೆ ಮ್ಯೂಸಿಯಮ್ಮಿಗೆ ಹೋದಾಗ ಮಾತ್ರ ನೇರವಾಗಿ ಹಿಂದಕ್ಕೆ ನಡೆದುಬಿಡಿ. ಎಳೆ ಎಳೆಯಾಗಿ ಹೆಣೆದ ಆ ಜಡೆ ಕೊರಳಿನ ಹಿಂದೆ ಎಲ್ಲಿ ಶುರುವಾಗಿ ಬೆನ್ನಿನ ಮೇಲೆ ಎಲ್ಲಿ ಮುಗಿಯುತ್ತದೆ ಎಂದು ನೋಡಿ. ಚಾವಣಿಯನ್ನು ಅಷ್ಟು ಶತಮಾನ ಎತ್ತಿ ಹಿಡಿದದ್ದು ಅಲ್ಲಿದೆ. ಅದನ್ನು ಕಂಡವರು ಆಮೇಲೆ ಯಾವ ಹೆಣ್ಣಿನ ಬಗ್ಗೆಯೂ ಸಹನಾಮೂರ್ತಿ ಎಂದಷ್ಟೇ ಬರೆದು ಸುಮ್ಮನಾಗಲಾರರು.